ಹಡಗು ಬರುವವರೆಗೆ: ಆವೊಗಾಶಿಮಾದಲ್ಲಿ ಕೆಲವು ದಿನ

ಎರಡು ದಿನ ಹಡಗು ಹೊರಡಲೇ ಇಲ್ಲ. ಹಚಿಜೋಜಿಮಾ ದ್ವೀಪದ ಬಂದರಿಗೆ ಬೆಳಿಗ್ಗೆ ಹೋಗುವುದು, ಅಲೆ ಜಾಸ್ತಿ ಇದೆ ಅಂತ ಕೇಳಿಸಿಕೊಂಡು ಚೀಲ ಹೊತ್ತು ವಾಪಸ್ ಬರುವುದು, ಇಷ್ಟೇ ನನ್ನ ಕೆಲಸವಾಗಿತ್ತು. ಎರಡನೇ ದಿನ ಸಂಜೆ ಮೋಡ ಸರಿಯಿತು. ದಕ್ಷಿಣದಲ್ಲಿ, ಕಡಲಿನ ಅಂಚಿನಲ್ಲಿ, ಒಂದು ಕಪ್ಪು ಗುಡ್ಡ ಕಂಡಿತು. ಅದೇ ಆವೊಗಾಶಿಮಾ. ಸುಮಾರು 70 ಕಿಲೋಮೀಟರ್ ದೂರ. ಕತ್ತಲಾಗುವವರೆಗೂ ನೋಡುತ್ತಾ ಕೂತೆ.

ಟೋಕಿಯೋದಿಂದ ಸುಮಾರು 358 ಕಿಲೋಮೀಟರ್ ದಕ್ಷಿಣದಲ್ಲಿದ್ದರೂ ಆಡಳಿತದ ಲೆಕ್ಕದಲ್ಲಿ ಈ ದ್ವೀಪ ಟೋಕಿಯೋಗೇ ಸೇರಿದ್ದು. ಇಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ ಮಹಾನಗರದ ಶಿನಾಗಾವಾ ಹೆಸರೇ ಇರುತ್ತದೆ. ಇರುವ ಜನ ಮಾತ್ರ ಸುಮಾರು 170. ಜಪಾನಿನಲ್ಲೇ ಅತಿ ಕಡಿಮೆ ಜನರಿರುವ ಗ್ರಾಮ ಇದು. ಒಂಬತ್ತು ಸೀಟಿನ ಹೆಲಿಕಾಪ್ಟರ್ 20 ನಿಮಿಷದಲ್ಲಿ ತಲುಪಿಸುತ್ತದೆ, ಆದರೆ ಸೀಟು ಬೇಗ ತುಂಬಿಬಿಡುತ್ತವೆ. ನನಗೆ ಹಡಗೇ ಬೇಕಿತ್ತು. ಅಲ್ಲಿನ ಜನ ಕಾಯುವ ಹಾಗೆ ನಾನೂ ಕಾದು ಹೋಗಬೇಕು ಅನ್ನಿಸಿತ್ತು.

ಮೂರನೇ ದಿನ ಹೊರಟೆವು. ಸುಮಾರು ಮೂರು ಗಂಟೆಯ ದಾರಿ. ಹತ್ತಿರ ಹೋದಂತೆ ಗುಡ್ಡ ಗೋಡೆಯಾಯಿತು. ಮರಳಿನ ದಂಡೆ ಎಲ್ಲೂ ಇಲ್ಲ, ಸುತ್ತಲೂ ಕಡಿದಾದ ಬಂಡೆ. ಬಂಡೆಗೆ ಅಂಟಿಸಿದ ಕಾಂಕ್ರೀಟ್ ತುಂಡಿನ ಹಾಗಿದೆ ಸಂಪೊ ಬಂದರು. ಮೀನಿನ ದೋಣಿಗಳನ್ನು ನೀರಿನಲ್ಲಿ ಕಟ್ಟುವ ಹಾಗಿಲ್ಲ, ಅಲೆ ಪುಡಿಪುಡಿ ಮಾಡುತ್ತದೆ. ಹಗ್ಗದಿಂದ ಎತ್ತಿ ಮೇಲೆ ಇಡುತ್ತಾರೆ.

ಬಂದರಿನಿಂದ ಸುರಂಗ ಹೊಕ್ಕು ಹೊರಬಂದರೆ ಗಾಳಿಯ ಸದ್ದು ಒಮ್ಮೆಗೇ ನಿಂತುಹೋಗುತ್ತದೆ. ನೀವು ಜ್ವಾಲಾಮುಖಿಯ ಒಳಗಿರುತ್ತೀರಿ. ಸುತ್ತಲೂ ಹಸಿರು ಗೋಡೆ, ತಲೆಯ ಮೇಲೆ ಒಂದು ಸುತ್ತು ಆಕಾಶ. ನಡುವೆ ಇನ್ನೊಂದು ಚಿಕ್ಕ ಗುಡ್ಡ, ಮರುಯಾಮಾ. ಈ ತಗ್ಗಿನ ಹೆಸರು ಇಕೆನೊಸಾವಾ. ಹೆಸರಿನಲ್ಲಿ ‘ಇಕೆ’ ಅಂದರೆ ಕೊಳ. ಈಗ ಕೊಳ ಇಲ್ಲ.

ಯಾಕಿಲ್ಲ ಅನ್ನುವುದನ್ನು ನಾನು ಉಳಿದುಕೊಂಡ ಮನೆಯ ಅಜ್ಜಿ ಹೇಳಿದರು. ಅರ್ಧ ಕೈಸನ್ನೆ, ಅರ್ಧ ಮೊಬೈಲ್ ಅನುವಾದ. 1785ರಲ್ಲಿ ಈ ಜ್ವಾಲಾಮುಖಿ ಸಿಡಿದು ಬೆಂಕಿ ಎದ್ದಿತು. ಜನ ಸಿಹಿನೀರು ತರುತ್ತಿದ್ದ ಕೊಳಗಳು ಹೋಗಿ ಅಲ್ಲಿ ಮರುಯಾಮಾ ಬೆಳೆದು ನಿಂತಿತು. 327 ಜನರಲ್ಲಿ ಸುಮಾರು 130 ಮಂದಿ ಸತ್ತರು. ಉಳಿದವರನ್ನು ದೋಣಿಗಳು ಹಚಿಜೋಜಿಮಾಕ್ಕೆ ಸಾಗಿಸಿದವು. ವಾಪಸ್ ಬರಲು ಹೊರಟವರಲ್ಲಿ ಎಷ್ಟೋ ಮಂದಿ ಕಡಲಿನಲ್ಲೇ ಸತ್ತರು. ಕೊನೆಗೆ ಸಸಾಕಿ ಜಿರೊದಾಯು ಎಂಬ ಮುಖಂಡರ ಜೊತೆ ಜನ ಮರಳಿ ಬಂದು, ಹೊಲ ಗದ್ದೆ ಎಲ್ಲ ಸರಿಮಾಡಿಕೊಂಡು ನೆಲೆ ನಿಂತಾಗ 1835. ಐವತ್ತು ವರ್ಷ! ಬಿಟ್ಟು ಹೋದಾಗ ಮಗುವಾಗಿದ್ದವರು ಬರುವಾಗ ಮುದುಕರಾಗಿದ್ದರು ಅಲ್ವಾ. ಆ ಊರನ್ನೇ ನೋಡದಿದ್ದ ಅವರ ಮಕ್ಕಳೂ ಬಂದರಲ್ಲ, ಅದು ನನ್ನನ್ನು ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ನಾನು ಎರಡು ದಿನ ಕಾದಿದ್ದು ಅದೇ ಹಚಿಜೋಜಿಮಾದ ದಂಡೆಯಲ್ಲಿ.

ಮರುದಿನ ಇಕೆನೊಸಾವಾದಲ್ಲೇ ಕಳೆದೆ. ನೆಲದ ಬಿರುಕುಗಳಿಂದ ಅಲ್ಲಲ್ಲಿ ಹಬೆ ಏಳುತ್ತದೆ. ಅದನ್ನು ಇಲ್ಲಿಯವರು ‘ಹಿಂಗ್ಯಾ’ ಅನ್ನುತ್ತಾರೆ. ಬೆಂಕಿಯ ಅಂಚು ಅನ್ನುವ ಮಾತಿನಿಂದ ಬಂದ ಪದವಂತೆ. ಹಬೆ ಬರುವ ಜಾಗದಲ್ಲಿ ಅಡುಗೆಗೆ ಅಂತಲೇ ಪೆಟ್ಟಿಗೆಗಳಿವೆ. ಮೊಟ್ಟೆ, ಗೆಣಸು ಇಟ್ಟು ಮುಚ್ಚಳ ಮುಚ್ಚಿ, ಪಕ್ಕದಲ್ಲೇ ಅದೇ ಹಬೆಯಿಂದ ನಡೆಯುವ ಸೌನಾಕ್ಕೆ, ಅಂದರೆ ಬೆವರಲು ಕೂರುವ ಬಿಸಿ ಕೋಣೆಗೆ, ಹೋದೆ. ಹೊರಗೆ ಬರುವಷ್ಟರಲ್ಲಿ ಬೆಂದಿತ್ತು. ಗೆಣಸು ಎರಡಾಗಿ ಮುರಿದರೆ ಒಳಗೆಲ್ಲ ಜೇನಿನ ಹಾಗೆ ಅಂಟು. ಮೇಲೆ ಒಂದು ಚಿಟಿಕೆ ಉಪ್ಪು. ಆ ಉಪ್ಪೂ ಇಲ್ಲಿಯದೇ, ಕಡಲಿನ ನೀರನ್ನು ಹಬೆಯ ಶಾಖದಲ್ಲಿ ದಿನಗಟ್ಟಲೆ ಇಂಗಿಸಿ ಮಾಡಿದ್ದು. ಬೆಚ್ಚಗಿನ ನೆಲದ ಮೇಲೆ ಕೂತು ತಿಂದೆ. ಹತ್ತಿರ ಯಾರೂ ಇರಲಿಲ್ಲ. ಹಕ್ಕಿ ಕೂಗು, ಹಬೆಯ ಸಣ್ಣ ಸುಯ್ಯೆನ್ನುವ ಶಬ್ದ, ಅಷ್ಟೇ.

ಊರು ಇರುವುದು ಉತ್ತರದ ಅಂಚಿನ ಮೇಲೆ. ಒಂದು ಅಂಗಡಿ, ಒಂದು ಶಾಲೆ. ಹೈಸ್ಕೂಲು ಇಲ್ಲ, ಆದ್ದರಿಂದ ಹದಿನೈದಕ್ಕೆ ಮಕ್ಕಳು ದ್ವೀಪ ಬಿಡಲೇಬೇಕು. ಗುಡ್ಡದ ಇಳಿಜಾರಿಗೆ ದೊಡ್ಡದಾಗಿ ಕಾಂಕ್ರೀಟ್ ಹೊದಿಸಿದ್ದಾರೆ. ಮಳೆ ನೀರು ಹಿಡಿಯಲು. ಕೊಳ ಕಳೆದುಕೊಂಡ ಊರು ಇವತ್ತಿಗೂ ಮಳೆಯನ್ನೇ ಕುಡಿಯುತ್ತದೆ. ಅದನ್ನು ನೋಡಿದ ಮೇಲೆ ಸ್ನಾನಕ್ಕೆ ನಲ್ಲಿ ತಿರುಗಿಸುವಾಗ ಕೈ ತಾನಾಗಿಯೇ ಬಿಗಿಯಾಯಿತು.

ಹೋಗುವವರಿಗೆ ಒಂದು ಮಾತು: ಉಳಿಯುವ ಜಾಗ ಗೊತ್ತುಮಾಡದೆ ಹೊರಡಬೇಡಿ. ವಾಪಸ್ ಬರುವ ದಿನದ ಆಚೆಗೂ ಎರಡು ಮೂರು ದಿನ ಖಾಲಿ ಇಟ್ಟುಕೊಳ್ಳಿ.

ನಾನು ಹೊರಡಬೇಕಾದ ದಿನ ಅಜ್ಜಿ ಕಡಲಿನ ಕಡೆ ಕೈ ತೋರಿಸಿ ತಲೆ ಅಲ್ಲಾಡಿಸಿದರು. ಹಡಗು ಇಲ್ಲ. ಆಮೇಲೆ ಸುಮ್ನೆ ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ಅಳೆದು ಹಾಕಿದರು.

ಮಧ್ಯಾಹ್ನ 423 ಮೀಟರ್ ಎತ್ತರದ ಓಟೊನ್ಬು ಹತ್ತಿದೆ. ದ್ವೀಪದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಒಂದು ಪಕ್ಕಕ್ಕೆ ಬಟ್ಟಲಿನ ಒಳಗಿನ ಬಟ್ಟಲಿನ ಹಾಗೆ ಇಕೆನೊಸಾವಾ, ಮರುಯಾಮಾ. ಇನ್ನೊಂದು ಪಕ್ಕಕ್ಕೆ ಬರೀ ನೀರು. ಗಾಳಿ ಮೋಡವನ್ನು ಗುಡಿಸಿಹಾಕಿತ್ತು. ಉತ್ತರದಲ್ಲಿ ಮಸುಕು ಮಸುಕಾಗಿ ಎರಡು ಗುಡ್ಡ ಕಂಡವು. ಹಚಿಜೋಜಿಮಾ. ಈ ಸಲ ಆ ಕಡೆಗೆ ಹೋಗುವ ಅವಸರ ನನಗಿರಲಿಲ್ಲ.