ಲಿವರ್ ಕೆಟ್ಟವರಿಗೆ ಪಥ್ಯ ಅಂತ ಗಂಜಿ ಕೊಡ್ತೀರಾ?

ಹೋದ ಭಾನುವಾರ ಮೈಸೂರಿನಲ್ಲಿ ಹೊಟ್ಟೆ, ಲಿವರ್ ಕಾಯಿಲೆಗಳ ಬಗ್ಗೆ ಸಿಎಂಇ, ಅಂದರೆ ಡಾಕ್ಟರುಗಳಿಗೆ ಹೊಸ ವಿಷಯ ತಿಳಿಸುವ ಉಪನ್ಯಾಸ ಕಾರ್ಯಕ್ರಮ ಇತ್ತು. ಡಾಕ್ಟರುಗಳು 5 ವರ್ಷಕ್ಕೆ 30 ಗಂಟೆ ಇಂಥದ್ದು ಕೇಳಬೇಕು ಅಂತ ನಿಯಮವೇ ಇದೆ. ಆದರೆ ನಾನು ಮಂಡ್ಯದಿಂದ ಬೆಳಿಗ್ಗೆ ಬಸ್ಸು ಹತ್ತಿದ್ದು ಆ ಲೆಕ್ಕಕ್ಕಲ್ಲ. ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ) ಇರುವವರ ಮನೆಯವರು ಬಂದು "ಏನು ತಿನ್ನಿಸೋದು ಡಾಕ್ಟ್ರೇ" ಅಂದಾಗ ಧೈರ್ಯವಾಗಿ ಉತ್ತರ ಹೇಳೋಕೆ ಆಗ್ತಿರಲಿಲ್ಲ, ಅದಕ್ಕೆ.

ಫ್ಯಾಟಿ ಲಿವರ್‌ಗೆ 2023ರಲ್ಲಿ ಬಂದ ಹೊಸ ಹೆಸರು, ಎಂಡೋಸ್ಕೋಪಿ ಎಲ್ಲಾ ಆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟದ ವಿಷಯ.

ಪ್ರೋಟೀನ್ ಕೊಟ್ಟರೆ ರಕ್ತದಲ್ಲಿ ಅಮೋನಿಯಾ ಅನ್ನೋ ಕಶ್ಮಲ ಏರಿ ಮಂಪರು ಬರುತ್ತೆ, ಕಮ್ಮಿ ಮಾಡಿ ಅಂತ ನಾವು ಓದಿದ್ದೆವು. ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೇನೆ. ಈಗ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಗಟ್ಟಿಯಾದ ಲಿವರ್ ಗ್ಲೈಕೋಜನ್ (ಹಸಿದಾಗ ಬಳಸಲು ಮೈ ಕೂಡಿಡುವ ಸಕ್ಕರೆ) ಸರಿಯಾಗಿ ಕೂಡಿಡಲಾರದು, ಹಾಗಾಗಿ ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟರ ತನಕ ಖಾಲಿ ಹೊಟ್ಟೆಯಲ್ಲಿದ್ದರೆ ನಾವು ನೀವು ಎರಡು ಮೂರು ದಿನ ಉಪವಾಸ ಬಿದ್ದಷ್ಟು ಪೆಟ್ಟು ಅವರ ಮೈಗೆ. ಆಗ ಮೈ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಅಮೋನಿಯಾವನ್ನು ಒಂದಷ್ಟು ತೆಗೆದುಹಾಕುವುದೂ ಅದೇ ಮಾಂಸಖಂಡ! ಅಂದರೆ ನಾವು ಕಟ್ಟುನಿಟ್ಟು ಮಾಡಿದ ಪಥ್ಯದಿಂದಲೇ ಮಂಪರು ಹತ್ತಿರ ಬರುತ್ತದೆ, ಅಲ್ವಾ?

ಬಸ್ಸಿನಲ್ಲಿ ವಾಪಸ್ಸು ಬರುವಾಗ ತೋಳು ಸೊರಗಿ ಹೊಟ್ಟೆ ಮಾತ್ರ ಉಬ್ಬಿದ್ದ ಒಬ್ಬರು ನೆನಪಾಗಿ ತುಂಬಾ ಸಂಕಟ ಆಯಿತು. ತಿಂಗಳಿಂದ ಬರೀ ಗಂಜಿ, ಮಜ್ಜಿಗೆ. ಅದು ಸರಿ ಅಂತ ತಲೆ ಆಡಿಸಿದ್ದವನು ನಾನೇ.

ಸೋಮವಾರ ಅವರ ಹೆಂಡತಿಗೆ ಫೋನ್ ಮಾಡಿ ಕರೆಸಿದೆ. "ಅಮ್ಮ, ಹಾಲು, ಮೊಸರು, ಕಾಳು ಕೊಡಿ, ಮೊಟ್ಟೆನೂ ಆಗುತ್ತೆ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಮಲಗೋ ಮುಂಚೆ ಹಾಲಿನ ಜೊತೆ ಒಂದು ಹಿಡಿ ಹುರಿಗಡಲೆ ತಪ್ಪಿಸಬೇಡಿ. ಕುಡಿತ ಮಾತ್ರ ಒಂದು ತೊಟ್ಟೂ ಬೇಡ." ಆಯಮ್ಮ ಸ್ವಲ್ಪ ಹೊತ್ತು ನಂಬಲೇ ಇಲ್ಲ. ಆಮೇಲೆ ಕೇಳಿದರು, "ಹಂಗಾರೆ ಹುರುಳಿಕಾಳು ಉಪ್ಸಾರು, ಮುದ್ದೆ ಕೊಡಬೌದಾ? ಕೇಳ್ತಾನೇ ಇರ್ತಾರೆ."

ಕೊಡಿ ಅಂದೆ. ಹೊಟ್ಟೆಯಲ್ಲಿ ನೀರು ತುಂಬಿದೆ, ಉಪ್ಪು ಮಾತ್ರ ಕಮ್ಮಿ, ಉಪ್ಪಿನಕಾಯಿ ಬೇಡ.