ಅಮೆರಿಕದ ಸಿಪಿಎ: ಕೋಚಿಂಗ್ ಆಮೇಲೆ, ಮೊದಲು ಕ್ರೆಡಿಟ್ ಎಣಿಸ್ರಿ

ಕಲಬುರಗಿ, ಬೀದರ್ ಕಡೆಯ ಬಿಕಾಂ ಹುಡುಗರು ಸಿಪಿಎ, ಅಂದರೆ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್ ಎಂಬ ಅಮೆರಿಕದ ಲೆಕ್ಕಪರಿಶೋಧಕರ ಲೈಸೆನ್ಸ್ ಬಗ್ಗೆ ನಮ್ಮನ್ನು ಕೇಳುವುದು ಒಂದೇ: "ಅಣ್ಣಾ, ಸಿಪಿಎಗೆ ಯಾವ ಕೋಚಿಂಗ್ ಛಲೋ?" ಅದು ಆಮೇಲಿನ ಮಾತು. ಲೈಸೆನ್ಸ್ ಕೊಡುವುದು ಅಮೆರಿಕದ ಆಯಾ ರಾಜ್ಯದ ಅಕೌಂಟೆನ್ಸಿ ಬೋರ್ಡ್. ಪರೀಕ್ಷೆ ಎಲ್ಲೆಡೆ ಒಂದೇ ಆದರೂ ಅರ್ಹತೆಯ ನಿಯಮ ಬೇರೆ ಬೇರೆ. ರಾಜ್ಯ ಆರಿಸದೆ ಫೀಸು ಕಟ್ಟಬೇಡ್ರಿ.

ತೊಡಕಿರುವುದು ಕ್ರೆಡಿಟ್, ಅಂದರೆ ಕಾಲೇಜು ಓದಿನ ಪ್ರಮಾಣ ಅಳೆಯುವ ಅಂಕದ ಲೆಕ್ಕದಲ್ಲಿ. ನಮ್ಮ ಒಂದು ವರ್ಷದ ಓದಿಗೆ ಸಾಮಾನ್ಯವಾಗಿ 30 ಕ್ರೆಡಿಟ್, ಮೂರು ವರ್ಷದ ಬಿಕಾಂಗೆ 90. ಬಹಳಷ್ಟು ರಾಜ್ಯಗಳಲ್ಲಿ ಪರೀಕ್ಷೆಗೆ ಕೂಡಲು 120 ಬೇಕು, ಲೈಸೆನ್ಸಿಗೆ ರೂಢಿಯ ದಾರಿಯಲ್ಲಿ 150. ಎಂಕಾಂ ಸೇರಿದರೆ ಸಂಖ್ಯೆ ತುಂಬಬಹುದು, ಆದರೆ ಅಕೌಂಟಿಂಗ್ ವಿಷಯಗಳಿಗೆ ಪ್ರತ್ಯೇಕ ಕನಿಷ್ಠವಿದೆ. ಎಷ್ಟೋ ಅರ್ಜಿ ನಿಲ್ಲುವುದು ಅಲ್ಲೇ. 2025ರಿಂದ ಒಹಾಯೊ ಸೇರಿ ಹಲವು ರಾಜ್ಯಗಳು 150ರ ಬದಲು ಪದವಿ ಜೊತೆ ಎರಡು ವರ್ಷದ ಅನುಭವ ಒಪ್ಪುವ ಕಾನೂನು ತಂದಿವೆ. ಕೇಳಲು ಸುಲಭ, ಆದರೆ ಮೂರು ವರ್ಷದ ಬಿಕಾಂ ಅಲ್ಲಿಯ ಪದವಿಗೆ ಸಮ ಎಂದು ಹೊರದೇಶದ ಪದವಿ ಅಳೆಯುವ ಮೌಲ್ಯಮಾಪನ ಸಂಸ್ಥೆ ಬರೆದುಕೊಟ್ಟರೆ ಮಾತ್ರ.

ಆ ಮೌಲ್ಯಮಾಪನಕ್ಕೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ, ಅಂಕಗಳ ಅಧಿಕೃತ ದಾಖಲೆ ಬೇಕು. ಅದನ್ನು ಕಾಲೇಜು ಕೊಟ್ಟರೆ ನಡೆಯದು, ಪದವಿ ಪತ್ರದಲ್ಲಿ ಹೆಸರಿರುವ ವಿಶ್ವವಿದ್ಯಾಲಯವೇ ಕೊಡಬೇಕು. ಈಗ ನಿಮ್ಮ ಕಾಲೇಜು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ, ಗುಲ್ಬರ್ಗಾ ವಿಶ್ವವಿದ್ಯಾಲಯದ ಪದವಿಯಾದರೆ ಅಲ್ಲಿಗೇ ಹೋಗಬೇಕು. ಇನ್ನು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಕೂಡಿಕೊಂಡು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವುದು ನಮ್ಮ ಭಾಗದಲ್ಲಿ ಮಾಮೂಲು. ಪರೀಕ್ಷೆಯ ಪ್ರವೇಶ ಪತ್ರದ ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ, ಕಟ್ಟಿದ ಹಣವೂ ಹೋಗುತ್ತದೆ. ಅರ್ಜಿಗೆ ಮೊದಲೇ ತಿದ್ದಿಸಿಕೊಳ್ಳಿ.

ಪರೀಕ್ಷೆ ನಾಲ್ಕು ಪತ್ರಿಕೆ, ತಲಾ ನಾಲ್ಕು ತಾಸು, ಪಾಸಾಗಲು 75. ಲೆಕ್ಕಪತ್ರ ವರದಿ, ಆಡಿಟ್, ತೆರಿಗೆ ಕಡ್ಡಾಯ. ನಾಲ್ಕನೆಯದು 2024ರಿಂದ ಮೂರು ಐಚ್ಛಿಕಗಳಲ್ಲಿ ಒಂದು. ಹೈದರಾಬಾದಿನಲ್ಲೇ ಕೇಂದ್ರವಿದೆ, ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಒಂದು ಪತ್ರಿಕೆ ಪಾಸಾದ ಮೇಲೆ ಉಳಿದವಕ್ಕೆ ಬಹುಪಾಲು ರಾಜ್ಯಗಳಲ್ಲಿ ಈಗ 30 ತಿಂಗಳ ಗಡುವು, ಮೊದಲು 18 ಇತ್ತು. ನಮ್ಮವರು ಎಡವುವುದು ಕಲಿತದ್ದನ್ನು ಮರೆಯಲಾಗದೆ. ಆಸ್ತಿಯ ಬೆಲೆ ಏರಿಸಿ ಬರೆಯಲು ನಮ್ಮ ದೇಶದ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ ಬಿಡುತ್ತದೆ, ಅಮೆರಿಕದ ನಿಯಮ ಬಿಡುವುದಿಲ್ಲ; ನಾವು ಕೈಬಿಟ್ಟ ಲೈಫೋ (ಕೊನೆಗೆ ಬಂದ ಸರಕು ಮೊದಲು ಹೋಯಿತೆಂದು ದಾಸ್ತಾನು ಲೆಕ್ಕ ಹಾಕುವ ಕ್ರಮ) ಅಲ್ಲಿ ಇನ್ನೂ ಜೀವಂತ. ತೆರಿಗೆ ಪತ್ರಿಕೆಗೆ ಜಿಎಸ್‌ಟಿ ಜ್ಞಾನ ಪೈಸೆಯಷ್ಟೂ ಉಪಯೋಗವಿಲ್ಲ.

ಕೊನೆಗೆ ಅನುಭವ: 150 ಕ್ರೆಡಿಟ್ ಇದ್ದವರಿಗೆ ಸಾಮಾನ್ಯವಾಗಿ ಒಂದು ವರ್ಷ, ಸುಮಾರು 2000 ತಾಸು. ಲೈಸೆನ್ಸ್ ಚಾಲ್ತಿಯಲ್ಲಿರುವ ಸಿಪಿಎ ಒಬ್ಬರು ಅದನ್ನು ದೃಢೀಕರಿಸಬೇಕು. ಹಲವು ರಾಜ್ಯಗಳು ವೃತ್ತಿ ನೀತಿಯ ಪರೀಕ್ಷೆಯನ್ನೂ ಕೇಳುತ್ತವೆ. ಇಷ್ಟೆಲ್ಲ ಮುಗಿದು ಲೈಸೆನ್ಸ್ ಸಂಖ್ಯೆ ಕೈಗೆ ಬರುವವರೆಗೆ, ನಾಲ್ಕೂ ಪತ್ರಿಕೆ ಪಾಸಾಗಿದ್ದರೂ ಹೆಸರಿನ ಜೊತೆ ಸಿಪಿಎ ಎಂದು ಬರೆದುಕೊಳ್ಳುವಂತಿಲ್ಲ, ಲಿಂಕ್ಡ್‌ಇನ್‌ನಲ್ಲೂ.