ಹೆಣ್ಣುಮಕ್ಕಳಿಗೆ ಮೇಲಿನ ಹುದ್ದೆ ಬೇಡವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾಲೇಜುಗಳಿಗೆ ಮಾತಾಡಲು ಹೋದಾಗ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕ ಕೂತವರೂ ಕೇಳುತ್ತಾರೆ. “ರ‍್ಯಾಂಕ್ ಬರೋದೆಲ್ಲ ಹುಡುಗಿಯರಿಗೇ. ಕೆಲಸಕ್ಕೂ ಸೇರ್ತಾರೆ. ಆಮೇಲೆ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಅಂತ ನೋಡಿದ್ರೆ ಬರೀ ಗಂಡಸರು. ಅವರಿಗೇ ಬೇಡ್ವೇನೋ, ಅಲ್ವಾ?”

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ತಂಡ ನಡೆಸುವವಳು. ಯಾರಿಗೆ ಪ್ರಮೋಷನ್, ಯಾರಿಗೆ ಯಾವ ಪ್ರಾಜೆಕ್ಟ್ ಎಂದು ತೀರ್ಮಾನ ಆಗುವ ಮೀಟಿಂಗ್‌ಗಳಲ್ಲಿ ವರ್ಷಗಳಿಂದ ಕೂತಿದ್ದೇನೆ. ಅಲ್ಲಿ ಕಂಡದ್ದರಿಂದ ಹೇಳುತ್ತೇನೆ. ಬೇಡ ಅನ್ನುವ ಹೆಂಗಸರು ಇದ್ದಾರೆ, ಗಂಡಸರೂ ಇದ್ದಾರೆ. ಆದರೆ ಬಹಳಷ್ಟು ಹೆಣ್ಣುಮಕ್ಕಳನ್ನು ಬೇಕಾ, ಬೇಡವಾ ಅಂತ ಯಾರೂ ಕೇಳಿಯೇ ಇರುವುದಿಲ್ಲ. ಅವರ ಪರವಾಗಿ ಇನ್ಯಾರೋ ಬೇಡ ಅಂದುಬಿಟ್ಟಿರುತ್ತಾರೆ. ಅದೂ ಕೆಟ್ಟ ಮನಸ್ಸಿನಿಂದಲ್ಲ, ಪಾಪ ಅವರಿಗೆ ತೊಂದರೆ ಆಗಬಾರದು ಅಂತ.

ಓದಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಉನ್ನತ ಶಿಕ್ಷಣದ 2020-21ರ ಸರ್ಕಾರಿ ಸಮೀಕ್ಷೆ ಪ್ರಕಾರ, ದೇಶದಲ್ಲಿ ಪದವಿಯಿಂದ ಪಿಎಚ್‌ಡಿವರೆಗೆ ವಿಜ್ಞಾನ ಓದುತ್ತಿದ್ದವರು 57.2 ಲಕ್ಷ. ಅದರಲ್ಲಿ 29.5 ಲಕ್ಷ ಹೆಣ್ಣುಮಕ್ಕಳು. ಇಂಜಿನಿಯರಿಂಗ್‌ನಲ್ಲಿ ಇನ್ನೂ ಅರ್ಧ ಮುಟ್ಟಿಲ್ಲ. ಐಐಟಿಗಳಲ್ಲಿ ತೀರಾ ಕಡಿಮೆ ಇದ್ದರು ಅಂತಲೇ 2018ರಿಂದ ಅವರಿಗೆ ಹೆಚ್ಚುವರಿ ಸೀಟು ಕೊಡಲು ಶುರುಮಾಡಿದರು. ಅಂತೂ ಓದಿ ಕೆಲಸಕ್ಕೆ ಬರುವವರಿಗೆ ಬರ ಇಲ್ಲ. ಸಂಖ್ಯೆ ಇಳಿಯುವುದು ಆಮೇಲೆ, ಕೆಲಸಕ್ಕೆ ಸೇರಿ ಎಂಟು ಹತ್ತು ವರ್ಷ ಆಗುವ ಹೊತ್ತಿಗೆ.

ಆ ಹೊತ್ತಿನಲ್ಲಿ ಆಗುವುದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ನಮ್ಮಂಥ ಕಂಪನಿಗಳಲ್ಲಿ ಅಪ್ರೈಸಲ್ ಸಮಯದಲ್ಲಿ ಮ್ಯಾನೇಜರ್‌ಗಳೆಲ್ಲ ಒಟ್ಟಿಗೆ ಕೂತು ರೇಟಿಂಗ್ ಹೊಂದಿಸುತ್ತಾರೆ. ಕ್ಯಾಲಿಬ್ರೇಷನ್ ಅನ್ನುತ್ತಾರೆ. ಪರದೆ ಮೇಲೆ ಎಕ್ಸೆಲ್ ಶೀಟ್ ಇರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಂದು ಹೆಸರಿಗೆ ಸಿಗುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ಯಾರ ಪರವಾಗಿ ಯಾರಾದರೂ ಗಟ್ಟಿಯಾಗಿ ಮಾತಾಡುತ್ತಾರೋ ಅವರು ಮೇಲೆ ಹೋಗುತ್ತಾರೆ. ಹೆರಿಗೆ ರಜೆ ಮುಗಿಸಿ ಬಂದವರ ಹೆಸರು ಬಂದಾಗ ಮಾತು ಒಂದೇ ಥರ. “ಅರ್ಧ ವರ್ಷ ಇರಲಿಲ್ಲವಲ್ಲ, ಮಧ್ಯದಲ್ಲೇ ಇಟ್ಟುಬಿಡೋಣ.” ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ಸಾಲು ಬರುತ್ತದೆ. ಇದ್ದ ಅರ್ಧ ವರ್ಷದಲ್ಲಿ ಆಕೆ ಏನು ಮಾಡಿದ್ದರು ಅಂತ ನೋಡುವವರಿಲ್ಲ. ಪ್ರಮೋಷನ್‌ಗೆ ಸಾಲಾಗಿ ಎರಡು ವರ್ಷ ಒಳ್ಳೆಯ ರೇಟಿಂಗ್ ಬೇಕು. ಹಾಗಾಗಿ ಆ ಒಂದು “ಮಧ್ಯದಲ್ಲೇ ಇಡೋಣ” ಅನ್ನುವ ಮಾತು ಎರಡು ಮೂರು ವರ್ಷ ಹಿಂದೆ ತಳ್ಳುತ್ತದೆ. ಅಷ್ಟರಲ್ಲಿ ಜೊತೆಗೆ ಸೇರಿದವನು ಆಕೆಯ ಮ್ಯಾನೇಜರ್ ಆಗಿರುತ್ತಾನೆ.

ಪ್ರಾಜೆಕ್ಟ್ ಹಂಚುವಾಗಲೂ ಇದೇ ಕಥೆ. ಒಮ್ಮೆ ಅಮೆರಿಕದ ದೊಡ್ಡ ಗ್ರಾಹಕರೊಬ್ಬರ ಕೆಲಸ ಬಂತು. ಅದನ್ನು ನಡೆಸಿದವರು ಮುಂದೆ ತಂಡದ ಮುಖ್ಯಸ್ಥರಾಗುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ತಕ್ಕವರು ಒಬ್ಬರಿದ್ದರು, ಆ ಸಿಸ್ಟಮ್ ಕಟ್ಟಿದವರೇ ಅವರು. ಹೆಸರು ಬಂದ ಕೂಡಲೇ ಒಬ್ಬರು ಅಂದರು, “ಅವರಿಗೆ ಚಿಕ್ಕ ಮಗು ಇದೆ. ರಾತ್ರಿ ಕಾಲ್ ಕಷ್ಟ ಆಗುತ್ತೆ.” ನಾನು “ಅವರನ್ನ ಕೇಳಿದ್ರಾ?” ಅಂದೆ. ಯಾರೂ ಕೇಳಿರಲಿಲ್ಲ. ಮೀಟಿಂಗ್ ಮುಗಿಸಿ ನಾನೇ ಹೋಗಿ ಕೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಅತ್ತೆ ಇಲ್ಲೇ ಇದ್ದಾರೆ. ವಾರಕ್ಕೆ ಎರಡು ರಾತ್ರಿ ಆದ್ರೆ ಧಾರಾಳವಾಗಿ ಮಾಡ್ತೀನಿ. ಮಂಗಳವಾರ, ಗುರುವಾರ ಇಡಿಸಿ. ದಿನಾ ಅಂದ್ರೆ ಆಗಲ್ಲ” ಅಂದರು. ಗ್ರಾಹಕರಿಗೆ ಹೇಳಿದೆವು. ಅವರು ಅದೇ ದಿನ ಒಪ್ಪಿದರು. ಎಲ್ಲರೂ ಅಷ್ಟು ದೊಡ್ಡದು ಅಂದುಕೊಂಡಿದ್ದ ತೊಡಕು ಒಂದು ಮೇಲ್‌ನಲ್ಲಿ ಮುಗಿಯಿತು.

ಇನ್ನು ಹೆಂಗಸರಿಗೆ ಕೇಳದೇ ಸಿಗುವ ಕೆಲಸಗಳೂ ಇವೆ. ಆಯುಧಪೂಜೆಗೆ ರಂಗೋಲಿ, ರಾಜ್ಯೋತ್ಸವದ ಕಾರ್ಯಕ್ರಮ, ಬಿಟ್ಟುಹೋಗುವವರಿಗೆ ಗಿಫ್ಟ್ ತರಲು ದುಡ್ಡು ಎತ್ತುವುದು, ಹೊಸದಾಗಿ ಸೇರಿದವರಿಗೆ ಎಲ್ಲ ತಿಳಿಸಿಕೊಡುವುದು, ಮೀಟಿಂಗ್‌ನಲ್ಲಿ ನೋಟ್ಸ್. ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯರನ್ನು ಕೇಳಿದರೆ ಅವರದು ಬೇರೆ ಪಟ್ಟಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ತೋರಿಸುವ ಫೈಲ್‌ಗಳು, ಹಾಸ್ಟೆಲ್ ವಾರ್ಡನ್ ಜವಾಬ್ದಾರಿ, ಫೆಸ್ಟ್‌ನಲ್ಲಿ ನಿರೂಪಣೆ. “ನೀವು ನೀಟಾಗಿ ಮಾಡ್ತೀರಿ ಮೇಡಂ” ಅನ್ನುವ ಹೊಗಳಿಕೆಯ ಜೊತೆ ಬರುತ್ತದೆ. ಸಂಶೋಧನೆಗೆ, ಪೇಪರ್ ಬರೆಯಲು ಇರಬೇಕಾದ ಸಮಯ ಅಲ್ಲಿ ಕರಗುತ್ತದೆ. ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ನ್ಯಾಕ್ ಫೈಲ್ ಎಷ್ಟು ನೀಟಾಗಿತ್ತು ಅಂತ ಯಾರೂ ಕೇಳುವುದಿಲ್ಲ.

ಹೊಣೆ ಕೈಗೆ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ನಾನು ಯಾವಾಗಲೂ ಹಾಸನದ ಉದಾಹರಣೆ ಕೊಡುತ್ತೇನೆ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಅಲ್ಲೇ. 2011ರ ಜುಲೈ 15ರಂದು ಶ್ರೀಹರಿಕೋಟದಿಂದ ಜಿಸ್ಯಾಟ್-12 ಉಪಗ್ರಹ ಹಾರಿತು. ರಾಕೆಟ್ ಅದನ್ನು ಬಿಟ್ಟ ಕಕ್ಷೆಯ ದೂರದ ತುದಿ ಭೂಮಿಯಿಂದ ಸುಮಾರು 21,000 ಕಿಲೋಮೀಟರ್. ಆದರೆ ಅದು ಕೆಲಸ ಮಾಡಬೇಕಾದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹಾಸನದಲ್ಲಿ ಕೂತೇ ಉಪಗ್ರಹದೊಳಗಿನ ಎಂಜಿನನ್ನು ಸರಿಯಾದ ಹೊತ್ತಿಗೆ ಹಚ್ಚಿ, ಸರಿಯಾದ ಹೊತ್ತಿಗೆ ಆರಿಸಿ, ಹಂತ ಹಂತವಾಗಿ ಮೇಲೇರಿಸಬೇಕು. ಎಂಜಿನ್ ಹೆಚ್ಚು ಹೊತ್ತು ಉರಿದರೂ ಕಷ್ಟ, ಕಡಿಮೆ ಉರಿದರೂ ಕಷ್ಟ. ದೂರ ಶಿಕ್ಷಣ, ದೂರ ವೈದ್ಯಕೀಯ, ವಿಪತ್ತಿನ ಹೊತ್ತಿನ ಸಂಪರ್ಕಕ್ಕೆ ಬೇಕಾಗಿದ್ದ ಉಪಗ್ರಹ ಅದು. ಆ ಯೋಜನೆಯ ಪ್ರಾಜೆಕ್ಟ್ ಡೈರೆಕ್ಟರ್ ಟಿ.ಕೆ. ಅನುರಾಧಾ. ಮಿಷನ್ ಡೈರೆಕ್ಟರ್ ಪ್ರಮೋದಾ ಹೆಗಡೆ. ಆಪರೇಷನ್ಸ್ ಡೈರೆಕ್ಟರ್ ಅನುರಾಧಾ ಪ್ರಕಾಶಂ. ಮೂರು ಮುಖ್ಯ ಹೊಣೆಯೂ ಹೆಂಗಸರದೇ. ಉಪಗ್ರಹ ತನ್ನ ಜಾಗ ಸೇರಿತು.

ಇವರಲ್ಲಿ ಟಿ.ಕೆ. ಅನುರಾಧಾ ಬೆಂಗಳೂರಿನವರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಅವರಿನ್ನೂ ಪುಟ್ಟ ಹುಡುಗಿ. ಆ ಸುದ್ದಿ ಕೇಳಿ ಕನ್ನಡದಲ್ಲಿ ಪದ್ಯ ಬರೆದಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1982ರಲ್ಲಿ ಇಸ್ರೋ ಸೇರಿದರು. ಒಂದು ಉಪಗ್ರಹ ಯೋಜನೆಯ ಪೂರ್ತಿ ಹೊಣೆ ಹೊತ್ತ ಅಲ್ಲಿನ ಮೊದಲ ಮಹಿಳೆ ಅವರೇ. ನನಗೆ ಮುಖ್ಯ ಅನಿಸುವುದು ಈ ಮೊದಲಿಗರ ಪಟ್ಟ ಅಲ್ಲ. ಬಜೆಟ್, ವೇಳಾಪಟ್ಟಿ, ಕೊನೆಯ ಸಹಿ ಅವರ ಕೈಯಲ್ಲಿತ್ತು. ಕೆಟ್ಟರೆ ಉತ್ತರ ಹೇಳಬೇಕಾದವರೂ ಅವರೇ. ನಾಯಕತ್ವ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ.

ಇದನ್ನು ಒತ್ತಿ ಹೇಳಲು ಕಾರಣ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಮಂಗಳ ಗ್ರಹದ ಕಕ್ಷೆ ಸೇರಿದಾಗ ಒಂದು ಫೋಟೋ ಎಲ್ಲ ಕಡೆ ಓಡಾಡಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ನಗುತ್ತಿದ್ದ ಫೋಟೋ. ನೋಡಿ ಖುಷಿಯಾಯಿತು. ಅವರು ಆಡಳಿತ ವಿಭಾಗದ ಸಿಬ್ಬಂದಿ ಅಂತ ಆಮೇಲೆ ಇಸ್ರೋ ತಿಳಿಸಿತು. ಆ ಯೋಜನೆಯ ಲೆಕ್ಕ, ಕಾರ್ಯಾಚರಣೆಯಲ್ಲಿ ಮುಳುಗಿದ್ದ ರಿತು ಕರಿಧಾಲ್, ನಂದಿನಿ ಹರಿನಾಥ್ ಅಂಥವರ ಹೆಸರು ಜನಕ್ಕೆ ತಿಳಿದದ್ದು ನಿಧಾನವಾಗಿ. ಫೋಟೋದಲ್ಲಿ ಎಷ್ಟು ಹೆಂಗಸರಿದ್ದಾರೆ ಎನ್ನುವುದಕ್ಕಿಂತ, ಸಹಿ ಹಾಕುವ ಜಾಗದಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ನೋಡಬೇಕು.

“ನಾವು ಕೇಳಿದ್ವಿ, ಅವರೇ ಬೇಡ ಅಂದ್ರು” ಅನ್ನುವ ಮ್ಯಾನೇಜರ್‌ಗಳೂ ಇದ್ದಾರೆ. ಅವರಿಗೆ ನಾನು ಚಂದ್ರಯಾನ-2ರ ವಿಷಯ ಹೇಳುತ್ತೇನೆ. 2019ರ ಆ ಯೋಜನೆಯ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ. ಆ ಹೊಣೆ ಹೊರಲು ಅವರು ಮೊದಲು ಹಿಂಜರಿದಿದ್ದರು, ಇಸ್ರೋದ ಹಿರಿಯ ವಿಜ್ಞಾನಿ ಎಂ. ಅಣ್ಣಾದೊರೈ ಅವರನ್ನು ಒಪ್ಪಿಸಿದರು ಎಂದು ಆಗ ಸುದ್ದಿಯಾಗಿತ್ತು. ಹಿಂಜರಿಕೆ ಅಂದರೆ ಬೇಡ ಅಂತಲ್ಲ. ಯಾರೂ ನಡೆಯದ ದಾರಿಯಲ್ಲಿ ಹೋಗು ಅಂದರೆ ಯಾರಿಗಾದರೂ ಒಂದು ಕ್ಷಣ ಕಾಲು ತಡೆಯುತ್ತದೆ. ಮೊದಲ ಸಲ ಬೇಡ ಅಂದವರನ್ನು ಎರಡನೇ ಸಲ ಹೋಗಿ ಕೇಳಬೇಕು. ಯಾಕೆ ಬೇಡ, ಏನಿದ್ದರೆ ಆಗುತ್ತದೆ ಅಂತ ಕೂತು ಮಾತಾಡಬೇಕು.

ನಮ್ಮ ಊರಿನ ಹಳೆಯ ಕಥೆಯೂ ಒಂದಿದೆ. ಈಗ ಐಐಎಸ್‌ಸಿ ಅನ್ನುವ ಟಾಟಾ ಇನ್‌ಸ್ಟಿಟ್ಯೂಟ್‌ಗೆ 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿ ಸಂಶೋಧನೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸಿ.ವಿ. ರಾಮನ್. ಹೆಣ್ಣು ಎಂಬ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಆಕೆ ಹಟ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಎಂದು ಒಳಗೆ ಬಿಟ್ಟರು, ಆಕೆಯಿಂದ ಅಲ್ಲಿದ್ದ ಗಂಡಸರ ಗಮನ ಕೆಡಬಾರದು ಅನ್ನುವ ಷರತ್ತಿನ ಜೊತೆ. ಆಕೆ ಬೇಳೆಕಾಳು, ಹಾಲಿನ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದರು. ಆಗ ತಡೆದದ್ದು ಒಂದು ಮುಚ್ಚಿದ ಬಾಗಿಲು. ಅದರ ಎದುರು ನಿಂತು ಜಗಳ ಆಡಬಹುದಿತ್ತು. ಈಗ ಹಾಗೆ ಬಾಯಿಬಿಟ್ಟು ಬೇಡ ಅನ್ನುವವರು ಕಡಿಮೆ. ತನ್ನ ಹೆಸರು ಪಟ್ಟಿಯಿಂದ ಬಿಟ್ಟುಹೋದದ್ದು ಈಗಿನ ಹುಡುಗಿಗೆ ಗೊತ್ತೇ ಆಗುವುದಿಲ್ಲ. ಯಾರ ಮೇಲೆ ಜಗಳ ಆಡುವುದು?

ತಡ ಎಷ್ಟಾಗುತ್ತದೆ ನೋಡಿ. ಬೆಂಗಳೂರಿನ ಎನ್‌ಎಎಲ್, ಮೈಸೂರಿನ ಸಿಎಫ್‌ಟಿಆರ್‌ಐ ಥರದ ಪ್ರಯೋಗಾಲಯಗಳೆಲ್ಲ ಸೇರಿದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಶುರುವಾದದ್ದು 1942ರಲ್ಲಿ. ಅದಕ್ಕೆ ಮೊದಲ ಮಹಿಳಾ ಮಹಾನಿರ್ದೇಶಕಿ ಬಂದದ್ದು 2022ರಲ್ಲಿ, ಎನ್. ಕಲೈಸೆಲ್ವಿ. ಕಾರೈಕುಡಿಯ ಪ್ರಯೋಗಾಲಯದಲ್ಲಿ ಕೆಳಗಿನ ಹಂತದಿಂದ ಮೇಲೆ ಬಂದು, ಅದೇ ಪ್ರಯೋಗಾಲಯದ ನಿರ್ದೇಶಕಿಯಾಗಿ, ಆಮೇಲೆ ಇಡೀ ಸಂಸ್ಥೆಯ ಹೊಣೆಗೆ ಬಂದವರು.

ಕಿರಣ್ ಮಜುಂದಾರ್ ಷಾ ಅವರ ಹೆಸರು ಹೇಳಿ, ಪ್ರತಿಭೆ ಇದ್ದವರು ಮೇಲೆ ಬರ್ತಾರೆ ಬಿಡಿ ಅನ್ನುವವರು ಜಾಸ್ತಿ. ಅವರ ಕಥೆ ನಿಜಕ್ಕೂ ಹೇಳುವುದು ಬೇರೆ. ಬಿಯರ್ ತಯಾರಿಕೆ ಕಲಿತು ಆಸ್ಟ್ರೇಲಿಯಾದಿಂದ ಬಂದರೆ, ಹೆಂಗಸಿಗೆ ಆ ಕೆಲಸ ಕೊಡಲು ಇಲ್ಲಿ ಯಾರೂ ತಯಾರಿರಲಿಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಶುರುಮಾಡಿದರು. ಸಾಲ ಕೊಡಲೂ ಬ್ಯಾಂಕುಗಳು ಹಿಂದೆಮುಂದೆ ನೋಡಿದವು. ಕುರ್ಚಿ ಕೊಡದಿದ್ದಾಗ ತಾವೇ ಕುರ್ಚಿ ಮಾಡಿಕೊಂಡರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಒಂದು ಮ್ಯಾನೇಜರ್ ಹುದ್ದೆಗಾಗಿ ಎಲ್ಲ ಹೆಣ್ಣುಮಕ್ಕಳೂ ಕಂಪನಿ ಕಟ್ಟಬೇಕೇ?

ಕಾನೂನಿನಿಂದ ಅಷ್ಟಿಷ್ಟು ಆಗಿದೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ ಷೇರುಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ಎಷ್ಟೋ ಕಡೆ ಮಾಲೀಕರ ಹೆಂಡತಿ, ಮಗಳು ಬಂದು ಕೂತರು. ಸ್ವತಂತ್ರ ಮಹಿಳಾ ನಿರ್ದೇಶಕಿಯೇ ಬೇಕು ಅಂತ ಆಮೇಲೆ ದೊಡ್ಡ ಕಂಪನಿಗಳಿಗೆ ಷೇರುಪೇಟೆ ನೋಡಿಕೊಳ್ಳುವ ಸೆಬಿ ನಿಯಮ ಮಾಡಿತು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಬೇಕು ಅಂತಲೂ ಆಯಿತು. ಇದು ತಾಯಂದಿರ ಹಕ್ಕು, ಒಂದು ದಿನವೂ ಕಡಿಮೆ ಆಗಬಾರದು. ಆದರೆ ನಮ್ಮಂಥ ಕಡೆ ಆ ರಜೆಯ ಸಂಬಳದ ಖರ್ಚು ಪೂರ್ತಿ ಕಂಪನಿಯ ಮೇಲೆ ಬೀಳುತ್ತದೆ. ಕೇಂದ್ರ ಸರ್ಕಾರದ ನೌಕರ ಅಪ್ಪಂದಿರಿಗೆ ಸಿಗುವುದು 15 ದಿನ, ಖಾಸಗಿ ಕಂಪನಿಗಳ ಅಪ್ಪಂದಿರಿಗೆ ಕಾನೂನಿನಲ್ಲಿ ಅದೂ ಇಲ್ಲ. ಹೀಗಿರುವಾಗ ರಜೆ ಅಂದ ಕೂಡಲೇ ಎಲ್ಲರ ಕಣ್ಣು ಹೆಂಗಸರ ಕಡೆಗೇ ತಿರುಗುತ್ತದೆ. ಅಪ್ಪಂದಿರಿಗೂ ಸರಿಯಾದ ರಜೆ ಸಿಕ್ಕಿ, ಅವರೂ ಅದನ್ನು ತೆಗೆದುಕೊಳ್ಳುವ ತನಕ ಆ ಎಕ್ಸೆಲ್ ಸಾಲು ಬದಲಾಗುವುದು ಕಷ್ಟ.

ಹಾಗಾದರೆ ನಾವೇನು ಮಾಡಬೇಕು ಅಂತ ಹುಡುಗಿಯರು ಕೇಳುತ್ತಾರೆ. ಅವರಿಗೆ ಹೇಳುವುದು ತೀರಾ ಸಣ್ಣ ವಿಷಯಗಳು. ರಜೆಗೆ ಹೋಗುವ ಮೊದಲು ಆ ವರ್ಷ ಮಾಡಿದ ಕೆಲಸವನ್ನೆಲ್ಲ ಬರೆದು ಮ್ಯಾನೇಜರ್‌ಗೆ ಮೇಲ್ ಮಾಡಿ. ಕ್ಯಾಲಿಬ್ರೇಷನ್‌ನಲ್ಲಿ ನಿಮ್ಮ ಪರ ಮಾತಾಡುವವರ ಕೈಯಲ್ಲಿ ಅದು ಇರಲಿ. ಯಾವ ಕೆಲಸ ಮಾಡಿದರೆ ಮೇಲೆ ಹೋಗುತ್ತಾರೆ ಅಂತ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಆ ಕೆಲಸ ಬರುವ ಮೊದಲೇ “ನನ್ನ ಹೆಸರೂ ಇರಲಿ” ಅಂತ ಬಾಯಿಬಿಟ್ಟು ಹೇಳಿ. ರಂಗೋಲಿ ಇಷ್ಟವಿದ್ದರೆ ಖಂಡಿತ ಹಾಕಿ, ಮುಂದಿನ ವರ್ಷದ ಸರದಿ ಒಬ್ಬ ಹುಡುಗನಿಗೆ ಕೊಡಿ. ಕೆಲಸದ ಸಂದರ್ಶನದ ಕೊನೆಯಲ್ಲಿ “ನಿಮಗೇನಾದರೂ ಕೇಳುವುದಿದೆಯಾ” ಅನ್ನುತ್ತಾರಲ್ಲ, ಆಗ ಹೆರಿಗೆ ರಜೆಯಿಂದ ಬಂದವರಲ್ಲಿ ಎಷ್ಟು ಜನಕ್ಕೆ ನಿಮ್ಮಲ್ಲಿ ಪ್ರಮೋಷನ್ ಆಗಿದೆ ಅಂತ ಕೇಳಿ. ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೆಲವರು ಥಟ್ಟನೆ ಹೆಸರು ಹೇಳುತ್ತಾರೆ. ಎರಡು ಆಫರ್ ಕೈಯಲ್ಲಿದ್ದರೆ, ಸಂಬಳ ಸ್ವಲ್ಪ ಕಡಿಮೆ ಇದ್ದರೂ ಹೆಸರು ಹೇಳಿದ ಕಂಪನಿಗೇ ಸೇರಿ.